ಅಮೋನಿಯಾ ಕೋಣೆಯ ಚಿಲಕ

ಮಾರ್ಚ್ 11, ಬೆಳಿಗ್ಗೆ 10:40. ಬ್ಯಾಡಗಿಯ ದಾದಾಪೀರ ರಾಣೆಬೆನ್ನೂರಿನ ಠಾಣೆಗೆ ಬಂದು ದೂರು ಕೊಟ್ಟರು. ಅವರ ಮಗಳು ಬೇನಜೀರ ಹೆದ್ದಾರಿ ಬದಿಯಲ್ಲಿ ಜಿಯೋಲೈಟ್ ಎಂಬ ರಾಸಾಯನಿಕ ಪುಡಿ ತಯಾರಿಸುವ ಕಾರ್ಖಾನೆಯಲ್ಲಿ ಕೆಮಿಸ್ಟ್. ಹಿಂದಿನ ದಿನ ಮಧ್ಯಾಹ್ನ ಪ್ರಯೋಗಾಲಯದಲ್ಲಿ ಅಮೋನಿಯಾ ಸೋರಿ ಸತ್ತಿದ್ದಳು.

"ಆಕಸ್ಮಿಕ ಅಂತಾರ್ರಿ. ಬಾಗಲಾ ನಾಕ್ ಹೆಜ್ಜಿಗೈತಿ. ನನ್ನ ಮಗಳು ಯಾಕ ಹೊರಗ ಬರಲಿಲ್ಲ?"

ಇನ್‌ಸ್ಪೆಕ್ಟರ್ ಭುವನಾ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ಬಾಬಾಜಾನನೊಂದಿಗೆ ಕಾರ್ಖಾನೆಗೆ ಹೊರಟಳು.

ಪ್ರಯೋಗಾಲಯದ ಪಂಚನಾಮೆ 12:15ಕ್ಕೆ ಶುರುವಾಯಿತು. ಸಿಲಿಂಡರ್ ಕೊಳವೆಯ ನಟ್ಟಿನ ಮೇಲೆ ಪಾನಾ ತಿರುವಿದ ಹೊಸ ಗೀರು. ಬಾಗಿಲಿನ ಒಳಮೈಯಲ್ಲಿ ಉಗುರಿನ ಗುರುತು. ಬಾಬಾಜಾನ ಬರೆಯುವುದನ್ನು ನಿಲ್ಲಿಸಿದ.

ಕಾವಲುಗಾರ ಶಂಕ್ರಪ್ಪನನ್ನು ಕರೆಸಿದರು.

"ಬಾಗಲಾ ತೆಗೆದವರು ಯಾರು?"

"ನಾನರಿ. ಹೊರಗಿಂದ ಚಿಲಕ ಹಾಕಿತ್ರಿ."

"ಯಾಕ ಹೇಳಲಿಲ್ಲ?"

"ಯಾರೂ ಕೇಳಲಿಲ್ರಿ."

ಪ್ರಯೋಗಾಲಯದ ಮುಖ್ಯಸ್ಥ ವಿಜಯಮಹಾಂತೇಶ ತಾನು ಎರಡು ಗಂಟೆಗೇ ಹಾವೇರಿಯ ಮನೆಗೆ ಹೋಗಿದ್ದೆನೆಂದ. ಗೇಟಿನ ರಿಜಿಸ್ಟರಿನಲ್ಲಿ ಅವನು ಹೊರಬಿದ್ದ ಸಮಯ 3:50. ಶಂಕ್ರಪ್ಪ ಚಿಲಕ ತೆಗೆದದ್ದು 4:10ಕ್ಕೆ.

ಆದರೆ ಕಾರಣ?

ಬ್ಯಾಡಗಿಯ ಮನೆಯಲ್ಲಿ ತಾಯಿ ಮಹಮೂದಾಬೇಗಂ ಮಗಳ ನೋಟ್‌ಬುಕ್ ಕೊಟ್ಟರು. ಮಾಲಿನ ಆಮ್ಲ ಅಳೆಯುವ ಯಂತ್ರದ, ವಿಜಯಮಹಾಂತೇಶ ಸಹಿ ಹಾಕಿದ ಎಂಟು ತಿಂಗಳ ಎಂಟು ಗ್ರಾಫ್ ಹಾಳೆಗಳು ಅದರೊಳಗಿದ್ದವು. ಕೆಳಗೆ ಬೇನಜೀರಳ ಅಕ್ಷರ: 'ಎಲ್ಲವೂ ಒಂದೇ. ಯಂತ್ರ ಓಡಿಯೇ ಇಲ್ಲ. ನಾಳೆ ಮ್ಯಾನೇಜರಿಗೆ ತಿಳಿಸಬೇಕು.' ಭುವನಾ ಎರಡು ಹಾಳೆಗಳನ್ನು ಕಿಟಕಿ ಗಾಜಿಗೆ ಒತ್ತಿ ಹಿಡಿದಳು. ಕಂಡದ್ದು ಒಂದೇ ಗೆರೆ.

ಮರುದಿನ ವಿಜಯಮಹಾಂತೇಶನ ವಿಚಾರಣೆ.

"ಆಮ್ಲ ಅಳಿಯೂದು ಹೆಂಗ?"

"ಜಿಯೋಲೈಟಿಗೆ ಅಮೋನಿಯಾ ಹಿಡಸ್ತೀವ್ರಿ, ಆಮ್ಯಾಲೆ ಕಾಸ್ತೀವಿ. ಆಮ್ಲ ಜೋರಿದ್ದಷ್ಟು ಅಮೋನಿಯಾ ಬಿಡಾಕ ಹೆಚ್ಚು ಕಾವು ಬೇಕು. ಯಂತ್ರ ಅದನ್ನ ಗೆರಿ ಬರೀತೈತಿ."

"ಬ್ಯಾರೆ ಬ್ಯಾರೆ ಮಾಲಿಗೆ ಕೂದಲೆಳಿಯಷ್ಟೂ ಫರಕಿಲ್ಲದ ಗೆರಿ ಬರ್ತೈತೇನು?"

"ಇಲ್ರಿ." ಹೇಳಿದ ಮೇಲೆ ಅವನ ಮುಖ ಬಿಳಿಚಿತು.

ನಟ್ಟಿನ ಗೀರು ಅವನ ಪಾನಾದ್ದೇ ಎಂಬ ವರದಿ ಬಂತು. ಮಾರ್ಚ್ 14ರ ಬೆಳಿಗ್ಗೆ 6:20ಕ್ಕೆ ಹಾವೇರಿಯಲ್ಲಿ ಅವನನ್ನು ಬಂಧಿಸಿದರು.

ಅವನ ಹೇಳಿಕೆ ಎರಡೇ ಪುಟ. ಜುಲೈಯಲ್ಲಿ ಅವನ ಕೈಯಿಂದಲೇ ಯಂತ್ರದ ಸೆನ್ಸರ್ ಸುಟ್ಟಿತ್ತು. ಇಪ್ಪತ್ತು ವರ್ಷ ತಪ್ಪೇ ಮಾಡದವನೆಂದು ಹೆಸರಾದವನಿಗೆ ಹೇಳಲು ನಾಲಗೆ ಏಳಲಿಲ್ಲ. ಹಳೆಯ ಗ್ರಾಫಿನ ಮೇಲೆ ಹೊಸ ತಾರೀಖು ಹಾಕುತ್ತ ಬಂದ. ಬೇನಜೀರ ಅದನ್ನು ಮ್ಯಾನೇಜರಿಗೆ ತಿಳಿಸುತ್ತೇನೆಂದಾಗ ನಟ್ಟು ಸಡಿಲಿಸಿ, ಹೊರಗಿಂದ ಚಿಲಕ ಹಾಕಿದ.

"ಅಂಜಿಸಬೇಕಂತ ಮಾಡಿದ್ನಿ ಅಷ್ಟ," ಎಂದ.

"ಬಾಗಲಾ ಬಡಿಯೂದು ಕೇಳಸ್ತಿತ್ತಿಲ್ಲೋ?"

ಸಂಜೆ ಭುವನಾ ಬ್ಯಾಡಗಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ದಾದಾಪೀರ ಕೇಳಿದ್ದು ಒಂದೇ ಮಾತು.

"ಯಂತ್ರ ಕೆಟ್ಟೈತಿ ಅಂದಿದ್ದರ ಏನಾಗತಿತ್ರಿ ಅವಗ?"

"ರಿಪೇರಿ ಮಾಡಸ್ತಿದ್ರು," ಎಂದಳು ಭುವನಾ.