ಪಾಂಡುರಂಗರಾಯರ ದನಿ

ನಾಗಪುರದ ಹತ್ತಿರದ ಕಳಮೇಶ್ವರದಲ್ಲಿ, ಶ್ರೀಶ ಕೆಲಸ ಮಾಡುವ ಕಾರ್ಖಾನೆಯ ಬಾಗಿಲಲ್ಲಿ ರಾಗಿಣಿ ಅವನನ್ನು ಅಡ್ಡಗಟ್ಟಿದಳು. ಅವರಿಬ್ಬರು ನೇರವಾಗಿ ಮಾತಾಡಿದ್ದು ಅದೇ ಮೊದಲು.

"ನಮ್ಮಪ್ಪನ ದನಿ ಯಾಕ ತೆಗದ್ರಿ?"

ಶ್ರೀಶ ತಲೆ ತಗ್ಗಿಸಿದ. ಅದನ್ನೇ ಅವಳು ತಪ್ಪೊಪ್ಪಿಗೆಯೆಂದು ತಿಳಿದಳು...

ಅವಳ ತಂದೆ ಪಾಂಡುರಂಗರಾಯರು ನಾಗಪುರಕ್ಕೆ ವರ್ಗವಾಗಿ ಬಂದು ಇಲ್ಲಿಯೇ ನಿಂತವರು. ಇಲ್ಲಿ ಹುಟ್ಟಿದ ಕನ್ನಡ ಮನೆಗಳ ಮಕ್ಕಳಿಗೆ ಕನ್ನಡ ಓದಲು ಬಾರದೆಂದು, ತಿಥಿಗೊಂದು ಪ್ರಾರ್ಥನೆಯನ್ನು ತಾವೇ ಹೇಳಿದ್ದರು. ಶ್ರೀಶ ಭಾನುವಾರಗಳಂದು ಬಂದು ಅದನ್ನು ರೆಕಾರ್ಡ್ ಮಾಡಿ ಆ್ಯಪ್ ಕಟ್ಟಿದ್ದ. ರಾಗಿಣಿ ಚಹಾ ಇಟ್ಟು ಒಳಗೆ ಹೋಗುತ್ತಿದ್ದಳು. ಬಾಗಿಲ ಮರೆಯಲ್ಲಿ ತುಸು ಹೊತ್ತು ನಿಲ್ಲುತ್ತಿದ್ದಳು.

ಅವನ ಕಡೆಯವರು ಹೆಣ್ಣು ಕೇಳಿದಾಗ ಅವಳ ತಾಯಿ ಪ್ರಭಾ ಒಪ್ಪಲಿಲ್ಲ. ಮಾಘದಲ್ಲಿ ರಾಯರು ದೇವರ ಪಾದ ಸೇರಿದರು. ಮೊನ್ನೆ ತಾಯಿಯ ಫೋನು ಕೆಟ್ಟು ಹೊಸದು ತಂದರೆ, ಆ ಆ್ಯಪ್ ಎಲ್ಲಿಯೂ ಸಿಗಲಿಲ್ಲ. ಗಂಡನ ದನಿ ಕೇಳದೆ ಆಕೆ ದೀಪ ಹಚ್ಚಲೊಲ್ಲರು, ಅನ್ನ ಮುಟ್ಟಲೊಲ್ಲರು.

"ಅವ್ವ ಒಲ್ಲೆ ಅಂದ ಸಿಟ್ಟು ಸತ್ತವರ ಮ್ಯಾಲ ತೀರಿಸಿಕೊಂಡ್ರಿ. ಬರೋಬರ್ ಅದನ?"

"ನಾ ತೆಗದಿಲ್ರಿ. ತಪ್ಪು ಮಾತ್ರ ನಂದ."

ಹಿರಿಯರಿರುವಾಗ ತನ್ನ ಹೆಸರು ಮುಂದಿಡಬಾರದೆಂದು ಅವನು ಆ್ಯಪ್ ಸ್ಟೋರ್ ಎಂಬ ಅಂಗಡಿಯ ಖಾತೆಯನ್ನು ರಾಯರ ಹೆಸರಿನಲ್ಲೇ ತೆರೆದಿದ್ದ. ಈಚೆಗೆ ಅಂಗಡಿಯವರು ಹೊಸ ನಿಯಮ ತಂದರು: ಖಾತೆದಾರರು ಕ್ಯಾಮೆರಾದ ಮುಂದೆ ಮುಖ ತೋರಿಸಬೇಕು. ರಾಯರು ತೀರಿಹೋದರೆಂದು ಶ್ರೀಶ ದಾಖಲೆ ಸಮೇತ ಬರೆದ. ಮತ್ತೆ ಬರೆದ. ಬಂದದ್ದು ಅದೇ ಉತ್ತರ... ಮುಖ ತೋರಿಸಿರಿ. ಕೊನೆಗೆ ಆ್ಯಪನ್ನೇ ಕಿತ್ತುಹಾಕಿದರು. ಹೋಗಿ ಕೇಳೋಣವೆಂದರೆ ಆ ಅಂಗಡಿಗೆ ಬಾಗಿಲೂ ಇಲ್ಲ, ಗಲ್ಲಾಪೆಟ್ಟಿಗೆಯ ಮುಂದೆ ಕೂತ ಮನುಷ್ಯನೂ ಇಲ್ಲ.

"ಸುಡಗಾಡದಾಗ ಸುಟ್ಟು ಬಂದ ಮುಖ ಎಲ್ಲಿಂದ ತರ್ಲಿ? ಇದನ್ನ ನಿಮ್ಮ ಮುಂದ ಹ್ಯಾಂಗ ಹೇಳ್ಲಿ ಅಂತ ಸುಮ್ಮನಾದೆ."

ಎಂಥ ಮಾತಾಡಿಬಿಟ್ಟೆ, ದೇವರೇ... ರಾಗಿಣಿಯ ಕಣ್ಣು ತುಂಬಿತು.

ಸಂಜೆ ಶ್ರೀಶ ಅವರ ದೇವರ ಮನೆಯ ಹೊಸ್ತಿಲಲ್ಲಿ ಕೂತು ತನ್ನ ಫೋನಿನಲ್ಲಿ ಇನ್ನೂ ಉಳಿದಿದ್ದ ಆ್ಯಪಿನಿಂದ ಪಂಚಮಿಯ ಪ್ರಾರ್ಥನೆ ಹಾಕಿದ. ರಾಯರ ದನಿ, ನಡುವೆ ಅವರದೇ ಕೆಮ್ಮು. ಪ್ರಭಾ ಗೋಡೆ ಹಿಡಿದು ಎದ್ದು ಬಂದು ದೀಪ ಹಚ್ಚಿದರು. ಪ್ರಾರ್ಥನೆ ಮುಗಿದ ಮೇಲೆ, "ಅವಗ ಚಹಾ ಕೊಡವಾ," ಎಂದರು.

ರಾಗಿಣಿ ಚಹಾ ಇಟ್ಟಳು. ಈ ಸಲ ಒಳಗೆ ಹೋಗಲಿಲ್ಲ.

"ಆ ಅಂಗಡಿಗೆ ಮತ್ತ ಅರ್ಜಿ ಹಾಕ್ರಿ. ನಿಮ್ಮ ಹೆಸರ್ಲೆ. ಅದರ ಬಾಜೂಕ ನಂದೂ ಇರ್ಲಿ."

"ಅವ್ರು ಮತ್ತ ಬ್ಯಾಡ ಅಂದ್ರ?"

"ಅವ್ರು ಅನ್ಲಿ," ಎಂದಳು ಮೆಲ್ಲಗೆ. "ನಾ ಅನ್ನಂಗಿಲ್ಲ."