ಬಲತುದಿಯ ಷರಾ

ಮದುವೆ ಊಟದ ಎರಡನೆಯ ಪಂಕ್ತಿಯಲ್ಲಿ ಕೂತಿದ್ದ ಕಾರ್ಯಪಾಲಕ ಎಂಜಿನಿಯರ್ ಚಿದಾನಂದ ಸವಡಿಯವರ ಎಡಗೈ ಗಡಿಯಾರ ಸಣ್ಣಗೆ ನಡುಗಿತು. ಅವರು ಅತ್ತ ಕಣ್ಣು ಹಾಯಿಸಿದ್ದೇ ತಡ, ಕೆಂಪುಮಡು ಬ್ಯಾರೇಜಿನ ಅಷ್ಟೂ ಲೆಕ್ಕ ಆ ಚಿಕ್ಕ ಗಾಜಿನೊಳಗೆ ಒಪ್ಪವಾಗಿ ಬಂದು ಕೂತಿತು. ನೀರಿನ ಮಟ್ಟ ಹಸಿರು, ಒಳಹರಿವು ಹಸಿರು, ಗೇಟುಗಳ ಸ್ಥಿತಿ ಹಸಿರು. ವಿದ್ಯುತ್ ಬೇಡಿಕೆ ಮಾತ್ರ ಕೆಂಪು. ಬೇಸಿಗೆಯ ನಡುಮಧ್ಯಾಹ್ನ, ಊರೂರಲ್ಲಿ ಎ.ಸಿ.ಗಳು ಓಡುತ್ತಿದ್ದವು; ಬ್ಯಾರೇಜಿನ ನೀರು ಬಿಟ್ಟರೆ ಕರೆಂಟು. ಕೆಳಗೆ ‘ನೀರು ಬಿಡಲು ಒಪ್ಪಿಗೆ’ ಎಂಬ ಗುಂಡಿ ಮಿನುಗುತ್ತಿತ್ತು.

ಸವಡಿಯವರ ಬಲಗೈ ಹೋಳಿಗೆ ತುಪ್ಪದಲ್ಲಿ ಎಂಜಲಾಗಿತ್ತು. ಪಕ್ಕದಲ್ಲಿ ಉಣ್ಣುತ್ತಿದ್ದ ಬೀಗರ ಕಡೆಯವರೊಬ್ಬರ ಮುಂದೆ ಮಣಿಕಟ್ಟು ಚಾಚಿ, “ನಿಮ್ಮ ಎಡಗೈಲೆ ಸ್ವಲ್ಪ ಇದನ್ನ ಒತ್ರಿ” ಎಂದರು. ಆ ಪುಣ್ಯಾತ್ಮ ಏನು ಎತ್ತ ಎಂದು ಕೇಳದೆ ಒತ್ತಿದ.

ಗಡಿಯಾರದಲ್ಲಿ ಕೆಲಸ ಮಾಡಿದ್ದು ‘ಹೊಂದುಹಾಳೆ’. ಮೊದಲೆಲ್ಲ ನಲವತ್ತು ಕಲಮುಗಳ ಸ್ಪ್ರೆಡ್‌ಶೀಟನ್ನು ಫೋನಿನಲ್ಲಿ ತೆರೆದರೆ ಇರುವೆ ಸಾಲಿನಂಥ ಅಕ್ಷರಗಳು ಕಾಣುತ್ತಿದ್ದವು. ಇಲ್ಲವೇ ಒಂದು ಮೂಲೆ ಕಂಡರೆ ಇನ್ನೊಂದು ಮೂಲೆ ಕಾಣುತ್ತಿರಲಿಲ್ಲ. ಹುಬ್ಬಳ್ಳಿಯ ಒಂದು ಪ್ರಯೋಗಾಲಯದಲ್ಲಿ ಡಾ. ಮಂದಾಕಿನಿ ಹುಯಿಲಗೋಳ ಈ ತಾಪತ್ರಯವನ್ನು ಮುಗಿಸಿದ್ದರು. ಹೊಂದುಹಾಳೆ ಮೊದಲು ಪರದೆಯ ಅಳತೆ ನೋಡುತ್ತದೆ. ಆಮೇಲೆ ಪರದೆಯಲ್ಲಿ ಅಡಗಿದ ಕ್ಯಾಮೆರಾದ ಮೂಲಕ ನೋಡುಗನ ಕಣ್ಣಪಾಪೆ ಯಾವ ಕಲಮಿನ ಮೇಲೆ ನಿಲ್ಲುತ್ತದೆ, ಯಾವುದನ್ನು ಹಾರಿಸಿ ಹೋಗುತ್ತದೆ ಎಂದು ಗಮನಿಸುತ್ತದೆ. ಕಣ್ಣು ನಿಂತ ಕಲಮಿಗೆ ತೂಕ ಹೆಚ್ಚು, ಹಾರಿಸಿದ್ದಕ್ಕೆ ಕಡಿಮೆ. ಪರದೆ ಚಿಕ್ಕದಾದಂತೆ ತೂಕ ಕಡಿಮೆಯಿದ್ದವು ಒಂದೊಂದಾಗಿ ಮಡಚಿಕೊಂಡು ಹಿಂದೆ ಸರಿಯುತ್ತವೆ. ಗೋಡೆಯಷ್ಟು ದೊಡ್ಡ ಪರದೆಯಲ್ಲಿ ಮಾತ್ರ ಎಲ್ಲವೂ ಇರುತ್ತವೆ. 2050ರ ಹೊತ್ತಿಗೆ ಆಸ್ಪತ್ರೆ, ರೈಲು, ರೇಷನ್ ಅಂಗಡಿ ಎಲ್ಲ ಕಡೆ ಇದು ಹಬ್ಬಿತ್ತು. ನಿಜ ಹೇಳಬೇಕೆಂದರೆ ಜನಕ್ಕೆ ತುಂಬ ಅನುಕೂಲವಾಗಿತ್ತು.

ಸರ್ಕಾರಿ ಕೋಷ್ಟಕವೆಂದರೆ ಎಡತುದಿಯಲ್ಲಿ ಕ್ರಮಸಂಖ್ಯೆ, ಬಲತುದಿಯಲ್ಲಿ ಷರಾ. ಇದು ನಮ್ಮಲ್ಲಿ ಅಜ್ಜನ ಕಾಲದಿಂದ ಬಂದದ್ದು. ಬೇರೆಲ್ಲೂ ಹಿಡಿಸದ ಮಾತನ್ನು ಷರಾ ಕಲಮಿನಲ್ಲಿ ಬರೆಯುತ್ತಾರೆ. ಕೆಂಪುಮಡುವಿನ ಗೇಟು ನೋಡಿಕೊಳ್ಳುವ ಭೀಮಶಿ ಅಂದು ಬೆಳಿಗ್ಗೆ ಅಲ್ಲಿ ಬರೆದಿದ್ದ: ‘ಕುರಿಯವರು ಹೊಳೆಪಾತ್ರದಲ್ಲಿ ಇಳಿದಿದ್ದಾರೆ. ಹೆಂಗಸರು ಮಕ್ಕಳು ಇದ್ದಾರೆ. ನೀರು ಬಿಡಬಾರದು.’ ಬ್ಯಾರೇಜಿನ ಕೆಳಗೆ ಒಣಗಿದ ಮರಳಿನಲ್ಲಿ ಪ್ರತಿ ಬೇಸಿಗೆಗೂ ಬೀಡು ಬಿಡುವ ಕುರಿಗಾರರು ಅವರು. ಆ ಬೀಡಿನ ಮಾಳವ್ವನಿಗೆ ಭೀಮಶಿ ಬಾಯಿಬಿಟ್ಟು ಹೇಳಿಯೂ ಇದ್ದ: “ಬರದೀನಬೇ, ಚಿಂತಿ ಮಾಡಬ್ಯಾಡ.”

ಒಪ್ಪಿಗೆ ಸಿಕ್ಕರೆ ಗೇಟುಗಳು ತಾವಾಗಿಯೇ ಏಳುತ್ತವೆ. ಸೈರನ್ನೂ ಅದರ ಜತೆಗೇ ಕೂಗುತ್ತದೆ. ಭೀಮಶಿ ದಂಡೆಯುದ್ದಕ್ಕೂ ಅರಚುತ್ತ ಓಡಿದ. ಎಲ್ಲರೂ ಮೇಲೆ ಹತ್ತಿದರು. ಮಾಳವ್ವನ ಹನ್ನೆರಡು ವರ್ಷದ ಮಗಳು ಹೊನ್ನವ್ವ ಮಾತ್ರ ಬಲೆಯ ಹಟ್ಟಿಯೊಳಗಿದ್ದ ಕುರಿಮರಿಗಳನ್ನು ಬಿಡಲು ಹಿಂದೆ ಓಡಿದಳು. ಅವಳು ಮೂರನೆಯ ದಿನ ಸಿಕ್ಕಳು.

ವಿಚಾರಣೆ ನಿರೀಕ್ಷಣಾ ಮಂದಿರದಲ್ಲಿ ನಡೆಯಿತು. ಫ್ಯಾನಿನ ಕೆಳಗೆ ನಿವೃತ್ತ ನ್ಯಾಯಾಧೀಶರು, ಅವರ ಎದುರು ಬಿಸ್ಕೀಟು, ಚಹಾ. ಹೊಂದುಹಾಳೆ ಮಾರುವ ಕಂಪನಿಯ ವಕೀಲ ನಯವಾಗಿ ವಾದಿಸಿದ. ಅಪಾಯದ ಮಾತಿಗೆ ಬೇರೆ ಕಲಂ ಇರುವಾಗ ಭೀಮಶಿ ಷರಾದಲ್ಲಿ ಬರೆದದ್ದೇ ತಪ್ಪು ಎಂದ. ಅಪಾಯದ ಕಲಮಿನಲ್ಲಿ ‘ಗೇಟು ತುಕ್ಕು’, ‘ಗೋಡೆ ಬಿರುಕು’ ಎಂಬ ಎರಡನ್ನು ಬಿಟ್ಟು ಬೇರೇನನ್ನೂ ಬರೆಯಲು ಬಾರದೆಂದು ಅವನು ಹೇಳಲಿಲ್ಲ.

ಸವಡಿಯವರು ಕೈಮುಗಿದರು. “ಗಡಿಯಾರದ ಪರದೆ ಸಣ್ಣದ್ರೀ ಸಾಹೇಬ್ರ. ಅದ್ರಾಗ ಷರಾ ಕಾಣಲಿಲ್ಲ. ಕಂಡಿದ್ರ ನಾ ಬಿಡತಿದ್ನೇನ್ರಿ? ನಮಗೂ ಮಕ್ಕಳದಾರ.”

ಸಾಕ್ಷಿ ಹೇಳಲು ಬಂದಿದ್ದ ಮಂದಾಕಿನಿಯನ್ನು ಮಾಳವ್ವ ಹೊರಗೆ ಬೇವಿನ ಮರದ ಕೆಳಗೆ ತಡೆದಿದ್ದಳು. “ಅಕ್ಕಾರ, ನಂಗ ರೊಕ್ಕ ಬ್ಯಾಡ. ಹೊಳಿಯಾಗ ಮಂದಿ ಇದ್ದದ್ದ ಗೊತ್ತಿರಲಿಲ್ಲ ಅಂತ ವರದ್ಯಾಗ ಬರಕೋತಾರಂತ. ಒಂದು ಹೇಳ್ರಿ. ನನ್ನ ಮಗಳು ಅದಾಳಂತ ಬರದಿತ್ತೋ ಇಲ್ಲೋ? ಅದನ್ನ ಇವರು ನೋಡಿದ್ರೋ ಇಲ್ಲೋ?”

“ಬರದಿತ್ತು ಮಾಳವ್ವಾ” ಎಂದಿದ್ದರು ಮಂದಾಕಿನಿ. “ನೋಡಿದ್ರೋ ಇಲ್ಲೋ, ಒಳಗ ಹೇಳತೇನಿ.”

ಒಳಗೆ ತಮ್ಮ ಸರದಿ ಬಂದಾಗ ಅವರು ಸಿಟ್ಟಿನಿಂದಲೇ ಎದ್ದು ನಿಂತರು. ಹೊಂದುಹಾಳೆಯ ನೆನಪಿನ ಭಾಗದಿಂದ ತೆಗೆದ ಚಿತ್ರವನ್ನು ಗೋಡೆಯ ಮೇಲೆ ಮೂಡಿಸಿದರು. ಅದು ಗಡಿಯಾರದ್ದಲ್ಲ. ಇಲಾಖೆಯ ಕಂಟ್ರೋಲ್ ರೂಮಿನಲ್ಲಿ ಗೋಡೆ ತುಂಬ ಹರಡಿದ ದೊಡ್ಡ ಪರದೆಯದು. ನಲವತ್ತೂ ಕಲಮುಗಳಿದ್ದವು. ಬಲತುದಿಯಲ್ಲಿ ಭೀಮಶಿಯ ಮಾತು ಗೇಣುದ್ದದ ಅಕ್ಷರಗಳಲ್ಲಿತ್ತು.

“ಇದರ ಮುಂದ ಅವತ್ತು ನಾಲ್ಕು ಮಂದಿ ಎಂಜಿನಿಯರು ಕೂತಿದ್ರು” ಎಂದರು ಮಂದಾಕಿನಿ. “ಈ ಕೆಂಪು ಗೆರೆಗಳು ಅವರ ಕಣ್ಣು ಹೋದ ದಾರಿ. ನೋಡ್ರಿ, ಒಂದೊಂದ ಕಲಂ ದಾಟಿ ಬರತಾವ, ಬರತಾವ, ಷರಾದ ಹೊಸ್ತಿಲಕ್ಕ ಬಂದು ತಿರುಗಿ ಹೋಗತಾವ. ನಾಲ್ಕೂ ಮಂದೀದು. ಪರದೆ ಸಣ್ಣದಾಗಿದ್ದಕ್ಕ ಅಲ್ಲ. ಷರಾ ಓದೂದು ತಮ್ಮ ಕೆಲಸ ಅಲ್ಲ ಅಂತ ಇವರು ಬಿಟ್ಟಾರ.”

“ಹಾಗಾದರೆ ಗಡಿಯಾರದಲ್ಲಿ ಯಾಕೆ ಕಾಣಲಿಲ್ಲ?” ಎಂದರು ನ್ಯಾಯಾಧೀಶರು.

“ಇವರ ಕಣ್ಣು ನೋಡೇ ಅದು ಕಲಿತದ್ದು. ವರ್ಷಗಟ್ಟಲೆ ಯಾವ ಸಾಹೇಬರ ಕಣ್ಣೂ ಆ ಕಲಮಿನ ಮ್ಯಾಲೆ ನಿಲ್ಲಲಿಲ್ಲ. ಬ್ಯಾಡಾದದ್ದು ಅಂತ ಹಾಳಿ ಅದನ್ನ ಮಡಚಿತು. ಕಣ್ಣು ನಿಲ್ಲದ್ದೆಲ್ಲ ಬ್ಯಾಡಾದದ್ದು ಅಂತ ಲೆಕ್ಕ ಹಾಕಿದಾಕಿ ನಾನು. ಅದನ್ನೂ ಬರಕೊಳ್ರಿ. ಆದರ ಗೊತ್ತಿರಲಿಲ್ಲ ಅಂತ ಮಾತ್ರ ಬರೀಬ್ಯಾಡ್ರಿ.”

ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕೂತಿದ್ದ ಮಾಳವ್ವ ಸೆರಗು ಬಾಯಿಗೊತ್ತಿ ಆ ಗೋಡೆಯನ್ನೇ ನೋಡುತ್ತಿದ್ದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೂ ಅಲ್ಲಿದ್ದವರಲ್ಲಿ ಆ ಕಲಮನ್ನು ಅಷ್ಟು ಹೊತ್ತು ನೋಡಿದವಳು ಅವಳೊಬ್ಬಳೇ.

ವರದಿ ಬಂತು. ಯಾರಿಗೂ ಶಿಕ್ಷೆಯಾಗಲಿಲ್ಲ. ಸವಡಿಯವರಿಗೆ ವರ್ಗವಾಯಿತು, ಅವರು ಬಹಳ ದಿನದಿಂದ ಕೇಳುತ್ತಿದ್ದ ಊರಿಗೇ. ‘ತಂತ್ರಜ್ಞಾನದಲ್ಲಿ ಸುಧಾರಣೆ ಅಗತ್ಯ’ ಎಂದು ವರದಿ ಹೇಳಿತು. ಸುಧಾರಣೆಯನ್ನು ಮಂದಾಕಿನಿ ಹಟ ಹಿಡಿದು ಮಾಡಿದರು. ಇನ್ನು ಮುಂದೆ ಎಷ್ಟೇ ಚಿಕ್ಕ ಪರದೆಯಾದರೂ ಷರಾ ಮೊದಲು ಬರುತ್ತದೆ. ಕಣ್ಣು ಅದರ ಅಕ್ಷರ ಅಕ್ಷರದ ಮೇಲೂ ಹರಿದ ಮೇಲೆಯೇ ಒಪ್ಪಿಗೆಯ ಗುಂಡಿ ಮೂಡುತ್ತದೆ.

ಮರುವರ್ಷದ ಬೇಸಿಗೆಯಲ್ಲಿ ಅದನ್ನು ಮಾಳವ್ವನಿಗೆ ತೋರಿಸಲೆಂದೇ ಅವರು ಕೆಂಪುಮಡುವಿಗೆ ಬಂದರು. ಕುರಿಗಾರರು ಮತ್ತೆ ಬಂದಿದ್ದರು. ಬೇರೆ ಮೇವು, ಬೇರೆ ನೀರು ಅವರಿಗೆಲ್ಲಿತ್ತು? ಕೆಳಗೆ ಮರಳಿನಲ್ಲಿ ಒಲೆಗಳ ಹೊಗೆ ಏಳುತ್ತಿತ್ತು. ಗೇಟಿನ ಕೋಣೆಯಲ್ಲಿ ಮಂದಾಕಿನಿ ತಮ್ಮ ಗಡಿಯಾರವನ್ನು ಮಾಳವ್ವನ ಮುಂದೆ ಹಿಡಿದರು. “ನೋಡು, ಈಗ ಇದ ಮೊದಲ ಬರತದ.”

“ಏನ ಬರದಾರ್ರಿ ಅದ್ರಾಗ?”

ಮಂದಾಕಿನಿ ನೋಡಿದರು. “ಇಲ್ಲ ಅಂತ ಬರದದ.”

“ಯಾರ ಇಲ್ರಿ?” ಎಂದಳು ಮಾಳವ್ವ, ಕಿಟಕಿಯಿಂದ ಕೆಳಗೆ ನೋಡುತ್ತ. “ಅಲ್ಲೇ ಅದಾರಲ್ಲ.”

ಭೀಮಶಿ ತಲೆ ತಗ್ಗಿಸಿ ಗೋಡೆಯ ಸುತ್ತೋಲೆಯನ್ನು ತೋರಿಸಿದ. ಷರಾ ಓದುವುದರಿಂದ ಒಪ್ಪಿಗೆ ವಿಳಂಬವಾಗುತ್ತಿರುವುದು ಗಮನಕ್ಕೆ ಬಂದಿದೆಯೆಂದೂ, ಇನ್ನು ಮುಂದೆ ಸಿಬ್ಬಂದಿ ಷರಾ ಕಲಮಿನಲ್ಲಿ ‘ಇಲ್ಲ’ ಎಂದಷ್ಟೇ ನಮೂದಿಸತಕ್ಕದ್ದೆಂದೂ ಅದರಲ್ಲಿತ್ತು. “ನೌಕರಿ ಪ್ರಶ್ನೆ ಐತ್ರೀ ಮೇಡಂ” ಎಂದ ಅವನು.

ಮಂದಾಕಿನಿಗೆ ಮೈಯೆಲ್ಲ ಉರಿಯಿತು. ಹೊಸದಾಗಿ ಕಂಡುಹಿಡಿಯುವಂಥದ್ದು ಇನ್ನೇನೂ ಉಳಿದಿರಲಿಲ್ಲ. ಯಾವ ಅಳತೆಯ ಗಾಜನ್ನು ತಂದರೂ ಈ ಜನ ಅದರಲ್ಲಿ ಮನುಷ್ಯರನ್ನು ಕಾಣದಿರಲು ದಾರಿ ಹುಡುಕಿಕೊಳ್ಳುತ್ತಿದ್ದರು.

“ಆ ಕಡೆ ಸರೀರಿ ಭೀಮಶಿ” ಎಂದು ಅವರೇ ಕೀಲಿಮಣೆಯ ಮುಂದೆ ಕೂತರು. “ಯಾರರ ಕೇಳಿದ್ರ ಬರದಾಕಿ ನಾನು ಅಂತ ನನ್ನ ಹೆಸರು ಹೇಳ್ರಿ. ಮಾಳವ್ವಾ, ಕೆಳಗ ಯಾರ‍್ಯಾರ ಅದಾರ, ಒಬ್ಬೊಬ್ಬರದ ಹೆಸರ ಹೇಳು.”

ಮಾಳವ್ವ ಕಿಟಕಿಗೆ ಆತು ನಿಂತು ಹೇಳತೊಡಗಿದಳು. ಸೋಮನಿಂಗ. ಅವನ ಹೆಣ್ತಿ ಬಾಳವ್ವ, ಬಸರಿ ಅದಾಳ. ಮುತ್ತ್ಯಾ ಲಕ್ಕಪ್ಪ, ಕಾಲಿಲ್ಲ, ಓಡಾಕ ಆಗೂದಿಲ್ಲ. ಮಂದಾಕಿನಿ ಒಂದನ್ನೂ ಬಿಡದೆ ಬರೆದರು. ಎಲ್ಲೋ ಒಬ್ಬ ಸಾಹೇಬರ ಮಣಿಕಟ್ಟಿನ ಮೇಲೆ ಆ ಹೆಸರುಗಳು ಒಂದರ ಹಿಂದೊಂದು ಮೂಡುತ್ತಿದ್ದವು. ಅಷ್ಟನ್ನೂ ಓದದೆ ಗುಂಡಿ ಸಿಗುವಂತಿರಲಿಲ್ಲ. ಅವರ ಊಟ ಆರುತ್ತಿತ್ತು. ಆರಲಿ.

ಇದಕ್ಕೆಲ್ಲ ಹೊಂದುಹಾಳೆಯೇ ಬೇಕೆಂದಿಲ್ಲ. ಈಗ ನಿಮ್ಮ ಕೈಯಲ್ಲಿರುವ ಫೋನಿನಲ್ಲೂ ಕೋಷ್ಟಕವನ್ನು ಎಡಕ್ಕೆ ತಳ್ಳಿದರೆ ಬಲತುದಿಯ ಕಲಂ ಬರುತ್ತದೆ. ತಳ್ಳಲು ಒಂದು ಬೆರಳು ಸಾಕು. ಅದು ನಿಮ್ಮದೇ ಬೆರಳಾಗಿರಲಿ.