ಹಾಡಿನ ಕೆಳಗಿನ ಮಾತು

ತಳದನಿ ಯಂತ್ರದ ಬಾಯಿಂದ ಹೊರಬಿದ್ದ ಮೊದಲ ಚಾರಿತ್ರಿಕ ವಾಕ್ಯ "ಪಲ್ಯಕ್ಕೆ ಉಪ್ಪೇ ಇಲ್ಲ" ಎಂಬುದಾಗಿತ್ತು.

2041ರ ಜನವರಿಯಲ್ಲಿ, ದಾವಣಗೆರೆಯ ಒಂದು ಸಭಾಭವನದಲ್ಲಿ, ಐನೂರು ಮಂದಿ ಗಣ್ಯರ ಎದುರಿಗೆ ಅದು ಹೀಗೆ ನುಡಿಯಿತು. ಯಂತ್ರದೊಳಗೆ ತಿರುಗುತ್ತಿದ್ದದ್ದು ಹಳೆಯ ವಿಡಿಯೋಗಳನ್ನು ಕೂಡಿಡುವ ದೃಶ್ಯಸ್ಮೃತಿ ನಿಧಿಯ ಅಧ್ಯಕ್ಷರಾದ ಬೆನಕಪ್ಪನವರ ಮದುವೆಯ ವಿಡಿಯೋ ಕ್ಯಾಸೆಟ್ಟು. ಪರದೆಯ ಮೇಲೆ ತರುಣ ಬೆನಕಪ್ಪನವರು ಬಾಸಿಂಗ ಕಟ್ಟಿಕೊಂಡು ನಿಂತಿದ್ದರು. ನಲವತ್ತೆಂಟು ವರ್ಷಗಳಿಂದ ಆ ದೃಶ್ಯಕ್ಕೆ ಒಂದು ಸಿನಿಮಾ ಪ್ರೇಮಗೀತೆ ಅಂಟಿಕೊಂಡಿತ್ತು. ಈಗ ಹಾಡು ಸಿಪ್ಪೆಯ ಹಾಗೆ ಸುಲಿದುಹೋಗಿ, ಕೆಳಗಿನಿಂದ ಮದುವೆಮನೆಯ ನಿಜವಾದ ಸದ್ದು ಎದ್ದುಬಂತು. ಪಲ್ಯದ ಮಾತು ಆಡಿದವರು ಬೀಗರ ಕಡೆಯ ಯಾರೋ. ಅದರ ಬೆನ್ನಿಗೇ ಅಧ್ಯಕ್ಷರ ದಿವಂಗತ ಮಾವನವರ ಗಂಭೀರ ಕಂಠ ಕೇಳಿಸಿತು: "ಹುಡುಗ ದಡ್ಡ ಅದಾನ. ಆದ್ರೆ ನಮ್ಮ ಹುಡುಗಿ ಮುಂದೆ ಬಾಯಿ ಬಿಡಂಗಿಲ್ಲ, ಅಷ್ಟು ಸಾಕು."

ಸಭೆಯೆಲ್ಲ ಅಧ್ಯಕ್ಷರ ಕಡೆ ನೋಡಿತು. ಅಧ್ಯಕ್ಷರು ಪಕ್ಕದಲ್ಲಿದ್ದ ಹೆಂಡತಿಯ ಕಡೆ ನೋಡಿದರು. ಬಾಯಿ ಬಿಡಲಿಲ್ಲ. ಆಮೇಲೆ ಎದ್ದ ಚಪ್ಪಾಳೆಯನ್ನು ಮರುದಿನದ ಪತ್ರಿಕೆಗಳು ವಿಜ್ಞಾನಕ್ಕೆ ಸಂದ ಗೌರವವೆಂದೇ ಬರೆದವು.

ಮೊದಲ ಸಾಲಿನಲ್ಲಿ ಶಾಲು, ಪೇಟ, ಏಲಕ್ಕಿ ಹಾರಗಳ ನಡುವೆ ಕೂತಿದ್ದ ಕೊಟ್ರೇಶಪ್ಪ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಆ ಪ್ರೇಮಗೀತೆಯನ್ನು ಅಲ್ಲಿ ಅಂಟಿಸಿದವನು ಅವನೇ. 'ಸಿಂಗಾರ ವಿಡಿಯೋಸ್' ಎಂಬ ಬೋರ್ಡು ಹಾಕಿಕೊಂಡು 1989ರಿಂದ ಹದಿನೈದು ವರ್ಷ ಕಾಲ ಊರಿನ ಆರುನೂರ ಹದಿನಾಲ್ಕು ಮದುವೆಗಳನ್ನು ಭುಜದ ಮೇಲೆ ಕ್ಯಾಮೆರಾ ಹೊತ್ತು ಹಿಡಿದಿಟ್ಟವನು ಅವನು. ಆಗ ಹಾಡಿಲ್ಲದ ಮದುವೆ ವಿಡಿಯೋ ಯಾರಿಗೂ ಬೇಕಿರಲಿಲ್ಲ. ಮದುಮಗಳ ಮುಖ ತಾವರೆಯೊಳಗಿಂದ ಗಿರ್ರನೆ ತಿರುಗುತ್ತ ಬರಬೇಕು, ಅತ್ತೆ ಮಾವ ಹೃದಯದಾಕಾರದೊಳಗೆ ಮೂಡಬೇಕು, ಧಾರೆಯಿಂದ ಹಿಡಿದು ಬೀಗರು ಕೈ ತೊಳೆಯುವ ತನಕ ಹಿನ್ನೆಲೆಯಲ್ಲಿ ಹಾಡು ಕುಣಿಯಬೇಕು. ಒಮ್ಮೆ ಒಬ್ಬರ ಮದುವೆಗೆ ಹಾಡು ಹಾಕದೆ ಕೊಟ್ಟಿದ್ದಕ್ಕೆ, ಮನೆಯಲ್ಲಿ ಯಾರಾದರೂ ಸತ್ತಿದ್ದಾರಾ ಎಂದು ಕೇಳಿ ಅವರು ಕ್ಯಾಸೆಟ್ಟು ವಾಪಸು ತಂದಿದ್ದರು. ಆವತ್ತಿನಿಂದ ಕೊಟ್ರೇಶಪ್ಪ ಒಂದು ನಿಮಿಷವನ್ನೂ ಬರಿದಾಗಿ ಬಿಟ್ಟವನಲ್ಲ.

ಸಮಾರಂಭ ಮುಗಿದು ಉಪ್ಪಿಟ್ಟಿನ ತಟ್ಟೆ ಕೈಗೆ ಬಂದಾಗ ಅವನು ಯಂತ್ರವನ್ನು ಕಂಡುಹಿಡಿದ ಡಾ. ಶಾಲ್ಮಲಿ ಕಟ್ಟಿಯವರ ಪಕ್ಕ ಹೋಗಿ ನಿಂತ. ಮೂವತ್ತೈದರ ಆ ಧಾರವಾಡದ ಹೆಣ್ಣುಮಗಳಿಗೆ ಹಳೆಯ ಕ್ಯಾಸೆಟ್ಟು ಕಂಡರೆ ಕೂಸು ಕಂಡಷ್ಟು ಅಕ್ಕರೆ.

"ಅಲ್ಲ ಡಾಕ್ಟ್ರೇ, ಹಳೇ ಸೌಂಡು ಅಳಿಸಿ ಅದರ ಮೇಲೆ ಹಾಡು ಹಾಕಿದ್ದೆ ನಾನು. ಅಳಿಸಿದ್ದು ಮತ್ತೆ ಹೆಂಗೆ ಬಂತು?" ಎಂದು ಕೇಳಿದ.

ಅವರು ಚಮಚ ಕೆಳಗಿಟ್ಟು ಬಿಡಿಸಿ ಹೇಳಿದರು. ಕ್ಯಾಸೆಟ್ಟಿನ ಸುರುಳಿ ಎಂದರೆ ತುಕ್ಕಿನ ಪುಡಿ ಬಳಿದ ಪಟ್ಟಿ. ಅದರ ಅಗಲವೆಲ್ಲ ಚಿತ್ರಕ್ಕೆ ಮೀಸಲು, ಅಂಚಿನ ಒಂದು ಸಣ್ಣ ಗೆರೆ ಮಾತ್ರ ದನಿಗೆ. ಹಾಡು ಹಾಕುವಾಗ, ಕ್ಯಾಸೆಟ್ಟು ತಿರುಗಿಸುವ ಡೆಕ್ಕಿನೊಳಗಿನ ಅಳಿಸುವ ತಲೆ, ಅಂದರೆ ಹೆಡ್ಡು, ಮುಂದೆ ಹೋಗಿ ಆ ಗೆರೆಯನ್ನು ಒರೆಸುತ್ತದೆ, ಹಿಂದೆಯೇ ಬರೆಯುವ ತಲೆ ಹೊಸದನ್ನು ಬರೆಯುತ್ತದೆ. ಬೇರೆಲ್ಲರ ಡೆಕ್ಕಿನಲ್ಲೂ ಗೆರೆ ಪೂರ್ತಿ ಒರೆಸಿಹೋಗಿದೆ. ಆದರೆ ಕೊಟ್ರೇಶಪ್ಪನ ಡೆಕ್ಕಿನ ಅಳಿಸುವ ತಲೆ ಹುಟ್ಟಿನಿಂದಲೇ ಸೊಟ್ಟ. ಕೂದಲೆಳೆಯ ಕಾಲುಭಾಗದಷ್ಟು ಅಂಚು ಒರೆಸದೆ ಹಾಗೇ ಉಳಿದಿತ್ತು. ಆ ಅಂಚಿನಲ್ಲಿ ನಿಂತ ಹಳೆಯ ಸದ್ದಿಗೆ ಅವರು 'ಉಳಿಕೆದನಿ' ಎಂದು ಹೆಸರಿಟ್ಟಿದ್ದರು. ಯಂತ್ರ ಓದುವುದು ಅದನ್ನೇ.

"ನೀವು ಅದನ್ನ ರಿಪೇರಿ ಮಾಡಿಸದೇ ಬಿಟ್ಟದ್ದಕ್ಕ ಈ ಜಿಲ್ಲಾದ ಇತಿಹಾಸ ಉಳೀತು ನೋಡ್ರಿ" ಎಂದರು ಡಾಕ್ಟರು, ನಿಜವಾದ ಕೃತಜ್ಞತೆಯಿಂದ.

ತನ್ನ ಸೋಮಾರಿತನಕ್ಕೆ ಶಾಲು ಹೊದಿಸಿದ್ದಾರೆಂದು ಕೊಟ್ರೇಶಪ್ಪನಿಗೆ ಆಗ ಹೊಳೆಯಿತು. ಆದರೆ ಅವನಿಗೆ ಬೇಕಿದ್ದದ್ದು ಇನ್ನೊಂದು ಉತ್ತರ. ತನ್ನ ಅಂಗಡಿಯಲ್ಲಿ ಉಳಿದಿರುವ ಪ್ರತಿಗಳಲ್ಲೂ ಈ ದನಿ ಇರುತ್ತದೆಯೇ ಎಂದು ಕೇಳಿದ. ಇಲ್ಲ, ಪ್ರತಿಗೆ ಇಳಿದಿರುವುದು ಹಾಡು ಮಾತ್ರ, ಮನೆಯವರಿಗೆ ಕೊಟ್ಟ ಮೂಲ ಕ್ಯಾಸೆಟ್ಟೇ ಬೇಕು, ಅದಕ್ಕೇ ನಿಧಿಯವರು ಮನೆಮನೆಗೆ ಕರೆ ಕೊಡುತ್ತಿದ್ದಾರೆ ಎಂದರು ಅವರು. ಕೊಟ್ರೇಶಪ್ಪ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟ. ಇನ್ನೂರ ಹನ್ನೆರಡನೇ ನಂಬರಿನ ಮೂಲ ಕ್ಯಾಸೆಟ್ಟು ಹರಪನಹಳ್ಳಿಯಲ್ಲಿತ್ತು, ತಂಗಿ ಸರ್ವಮಂಗಳಾಳ ಟ್ರಂಕಿನಲ್ಲಿ.

ಅದು ಅವಳ ಮದುವೆಯ ಕ್ಯಾಸೆಟ್ಟು. 1994ರ ಮೇ ತಿಂಗಳು. ಇಪ್ಪತ್ತರ ಹುಡುಗಿ, ಟೀಚರ್ ಟ್ರೇನಿಂಗಿಗೆ ಸೀಟು ಸಿಕ್ಕಿತ್ತು, ಅಪ್ಪ ಬೇಡವೆಂದು ಮದುವೆ ಗೊತ್ತುಮಾಡಿದ್ದ. ಹಸೆಯ ಮೇಲೆ ಕೂತವಳ ಮುಖವನ್ನು ಹತ್ತಿರದಿಂದ ಹಿಡಿಯಲು ಕೊಟ್ರೇಶಪ್ಪ ಬಗ್ಗಿದಾಗ ಅವಳು ಕ್ಯಾಮೆರಾದ ಗಾಜನ್ನೇ ನೋಡುತ್ತ ಏನೋ ಅಂದಿದ್ದಳು. ಅಷ್ಟರಲ್ಲಿ ಗಟ್ಟಿಮೇಳ ಮೊಳಗಿತು. ಅವನು ಕೈಯಿಂದ ನಗು ಎಂದು ಸನ್ನೆ ಮಾಡಿದ. ಅವಳು ನಕ್ಕಳು. ಆ ನಗುವನ್ನು ಅವನು ದೊಡ್ಡದು ಮಾಡಿಸಿ ಹತ್ತು ವರ್ಷ ಅಂಗಡಿಯ ಮುಂದೆ ತೂಗುಹಾಕಿದ್ದ. ಅದನ್ನು ನೋಡಿಯೇ ಎಷ್ಟೋ ಮಂದಿ ತಮ್ಮ ಮದುವೆಗೂ ಅವನನ್ನೇ ಕರೆದರು.

ಸರ್ವಮಂಗಳಾಳ ಗಂಡ ಒಳ್ಳೆಯವನೂ ಅಲ್ಲ, ಕೆಟ್ಟವನೂ ಅಲ್ಲ. ಊಟದ ಹೊತ್ತಿಗೆ ಮಾತ್ರ ಮನೆಯಲ್ಲಿದ್ದಾನೆಂದು ಗೊತ್ತಾಗುವಂಥ ಮನುಷ್ಯ. ಅವಳು ಎಂದೂ ಟೀಚರಾಗಲಿಲ್ಲ. ಪ್ರತಿ ವರ್ಷ ಪಂಚಮಿಗೆ ಉಂಡೆಯ ಡಬ್ಬಿ ಹಿಡಿದು ತವರಿಗೆ, ಅಂದರೆ ಅಣ್ಣನ ಮನೆಗೆ ಬರುತ್ತಿದ್ದಳು. ಮಕ್ಕಳು ಮೊಮ್ಮಕ್ಕಳು ಸುತ್ತ ಕೂತಾಗ ಹಸೆಯ ಮೇಲಿನ ಆ ಕಥೆ ಹೇಳುತ್ತಿದ್ದಳು. ಹೇಳಿ, ಕೊನೆಗೆ ತಪ್ಪದೆ ಒಂದು ಮಾತು ಸೇರಿಸುತ್ತಿದ್ದಳು: "ಪಾಪ, ಅಣ್ಣಗೆ ಕೇಳಿಸಲಿಲ್ಲ. ಕೇಳಿಸಿದ್ರೆ ಬಿಡ್ತಿದ್ನಾ?"

ಕೊಟ್ರೇಶಪ್ಪನಿಗೆ ಕೇಳಿಸಿತ್ತು. ಕಿವಿಗೆ ಕ್ಯಾಮೆರಾದ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದ. ಅವಳ ಉಸಿರೂ ಕೇಳಿಸಿತ್ತು. ಕೇಳಿಸಿತೆಂದು ಇನ್ನೊಬ್ಬರಿಗೆ ಗೊತ್ತಾಗುವ ದಾರಿಯೇ ಇಲ್ಲವೆಂದು ನಲವತ್ತೇಳು ವರ್ಷ ನೆಮ್ಮದಿಯಾಗಿದ್ದ. ಆದರೆ ಆ ಗಳಿಗೆಯಲ್ಲಿ ಅವನೂ ಒಂದು ಮಾತು ಆಡಿದ್ದ. ಗಟ್ಟಿಮೇಳದಲ್ಲಿ ಅದು ಅವಳಿಗೆ ಕೇಳಿರಲಿಲ್ಲ. ಕ್ಯಾಮೆರಾದ ಮೈಕಿಗೆ ಎಲ್ಲರಿಗಿಂತ ಹತ್ತಿರ ಇರುವುದು ಕ್ಯಾಮೆರಾ ಹಿಡಿದವನ ಬಾಯಿ ಎಂಬುದು ಆರುನೂರ ಹದಿನಾಲ್ಕು ಮದುವೆ ಮಾಡಿದವನಿಗೆ ಗೊತ್ತಿರದೇ ಇರುತ್ತದೆಯೇ?

ಮರುದಿನವೇ ಹರಪನಹಳ್ಳಿಗೆ ಹೋದ. ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿರುತ್ತದೆ, ಕೊಡು, ಒರೆಸಿ ಇಡುತ್ತೇನೆ ಎಂದ. ಸರ್ವಮಂಗಳಾ ಟ್ರಂಕು ತೆಗೆದು ತೋರಿಸಿದಳು. ಬೇವಿನೆಲೆಯ ನಡುವೆ, ರವಿಕೆ ಕಣದಲ್ಲಿ ಸುತ್ತಿ, ನಿಧಿಯ ಹವಾನಿಯಂತ್ರಿತ ಕೋಣೆಯಲ್ಲೂ ಇರದಷ್ಟು ಚೊಕ್ಕಟವಾಗಿ ಇಟ್ಟಿದ್ದಳು.

"ನಾನೇ ತರ್ತೀನಿ ಬಿಡಣ್ಣ. ಹಸೆ ಮುಂದೆ ಅವ್ವ ಸೋಬಾನೆ ಹಾಡಿದ್ಲು, ನೆನಪೈತಾ? ನೀನು ಅದರ ಮೇಲೆ ಸಿನಿಮಾ ಹಾಡು ಹಾಕಿಬಿಟ್ಟೆ. ಅವ್ವನ ದನಿ ಕೇಳಿ ಮೂವತ್ತೆರಡು ವರ್ಷಾತು" ಎಂದಳು.

ಕೊಟ್ರೇಶಪ್ಪ ಮಜ್ಜಿಗೆ ಕುಡಿದು ವಾಪಸು ಬಂದ.

ಅಷ್ಟರಲ್ಲಿ ದಾವಣಗೆರೆಯಲ್ಲಿ ಇತಿಹಾಸ ಬೀದಿಗೆ ಇಳಿದಿತ್ತು. ಪೂರ್ವಿಕರ ದನಿ ಕೇಳುವ ಭಾಗ್ಯವೆಂದು ಜನ ಕ್ಯಾಸೆಟ್ಟು ಹಿಡಿದು ಸಾಲುಗಟ್ಟಿ ಬಂದರು, ಮುಖ ಊದಿಸಿಕೊಂಡು ಹೋದರು. ಶಾಸ್ತ್ರಿಗಳು ಮಂತ್ರದ ನಡುನಡುವೆ ಅದೇ ರಾಗದಲ್ಲಿ ಹರಿಹರದ ಬಸ್ಸು ಎಷ್ಟಕ್ಕೆ ಎಂದು ಕೇಳಿದ್ದು ಬಯಲಾಯಿತು. ನಲವತ್ತೈದು ವರ್ಷ ಸಂಸಾರ ಮಾಡಿದ ಒಬ್ಬರು, ಹಸೆಯ ಮೇಲೆ ಕೂತೇ, ಇವಳಿಗಿಂತ ಇವಳ ತಂಗಿಯೇ ಲಕ್ಷಣವಾಗಿದ್ದಾಳಲ್ಲೋ ಎಂದು ಗೆಳೆಯನ ಕಿವಿಯಲ್ಲಿ ಹೇಳಿದ್ದರು. ಹೆಂಡತಿ ಅಡುಗೆ ನಿಲ್ಲಿಸಿದರು, ಆ ತಂಗಿ ಅರವತ್ತಮೂರನೇ ವಯಸ್ಸಿನಲ್ಲಿ ಹೊಸ ಸೀರೆ ತೆಗೆದರು. ಮೊದಲು ಬೈದವರು ಯಾರೆಂಬ ಮಾತಿಗೆ ಎರಡು ತಲೆಮಾರು ಮುಖ ನೋಡದಿದ್ದ ಬೀಗರು ಸಾಕ್ಷಿ ಸಮೇತ ಬಂದರು. ಇಬ್ಬರೂ ಒಂದೇ ಉಸಿರಿಗೆ, ಒಂದೇ ಬೈಗುಳವನ್ನು ಬೈದಿದ್ದರೆಂದು ಯಂತ್ರ ತೋರಿಸಿತು. ಅಲ್ಲಿಗೆ ಮುಗಿಯಬೇಕಿದ್ದ ಜಗಳ ಹೊಸದಾಗಿ ಶುರುವಾಯಿತು. ನಿಧಿಯ ಎದುರಿಗಿನ ಮಳಿಗೆಗಳಲ್ಲಿ ಮೂವರು ವಕೀಲರು ಬೋರ್ಡು ಹಾಕಿದರು. ಜನತೆಯಲ್ಲಿ ಇತಿಹಾಸಪ್ರಜ್ಞೆ ಗಣನೀಯವಾಗಿ ಹೆಚ್ಚಿದೆ ಎಂದು ನಿಧಿಯ ವರದಿ ಹೇಳಿತು. ಮುಂದಿನ ಪುಟದಲ್ಲೇ ಪೊಲೀಸ್ ಬಂದೋಬಸ್ತಿಗೆ ಮನವಿ ಇತ್ತು.

ಏಪ್ರಿಲ್ ಹೊತ್ತಿಗೆ ಯಾವ ವಿಜ್ಞಾನಿಯೂ ಊಹಿಸಿರದ ಅರ್ಜಿಗಳು ಬರತೊಡಗಿದವು. ಎಲ್ಲದರಲ್ಲೂ ಒಂದೇ ಬೇಡಿಕೆ: ದಯವಿಟ್ಟು ಹಾಡನ್ನು ಮತ್ತೆ ಹಾಕಿ ಕೊಡಿ. ಮೊದಲ ಅರ್ಜಿ ಅಧ್ಯಕ್ಷ ಬೆನಕಪ್ಪನವರದು. ಹೀಗೆ ಶತಮಾನದ ಅತಿ ಸೂಕ್ಷ್ಮ ಯಂತ್ರದ ಪಕ್ಕದಲ್ಲೇ 'ಮರುಲೇಪನ ವಿಭಾಗ' ಎಂಬ ಕೋಣೆ ತೆರೆಯಿತು. ಮೊದಲನೇ ಕೋಣೆಯಲ್ಲಿ ಹಾಡು ಸುಲಿಯುವುದು, ಎರಡನೆಯದರಲ್ಲಿ ಅದೇ ಹಾಡು ಬಳಿಯುವುದು. ಮನೆಯವರು ಒಪ್ಪಿದ ರೂಪವೇ ದಾಖಲೆಯೆಂದು ನಿಯಮವಾಯಿತು. ಕೊಟ್ರೇಶಪ್ಪನನ್ನು ಗೌರವ ಗೀತಸಲಹೆಗಾರನನ್ನಾಗಿ ನೇಮಿಸಿದರು.

ಆ ಕುರ್ಚಿಯಲ್ಲಿ ಕೂತ ಮೇಲೆ ಕೊಟ್ರೇಶಪ್ಪನಿಗೆ ಸ್ವಲ್ಪ ಧೈರ್ಯ ಬಂತು. ಬಂದವರಿಗೆಲ್ಲ ಭಾಷಣ ಬಿಗಿಯತೊಡಗಿದ. ತಾನು ಹಾಡು ಹಾಕಿದ್ದು ಚೆಂದಕ್ಕಲ್ಲವಂತೆ, ಸಂಸಾರಗಳನ್ನು ಕಾಯುವುದಕ್ಕಂತೆ. ಎಲ್ಲ ಕೇಳಿಸಿಕೊಂಡು ಹೊಟ್ಟೆಯಲ್ಲಿ ಹಾಕಿಕೊಂಡಿದ್ದನಂತೆ. ಮೇ ತಿಂಗಳಿಗೆ ಅವನೇ ಅದನ್ನು ಅರ್ಧದಷ್ಟು ನಂಬಿದ್ದ. ಡಾ. ಶಾಲ್ಮಲಿ ಕೂಡ ಒಂದು ದಿನ ಬೇಸತ್ತು, ನಿಮ್ಮ ಸೊಟ್ಟ ತಲೆಯೊಂದು ನೆಟ್ಟಗಿದ್ದಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದರು ಎಂದರು. ಡೆಕ್ಕಿನ ತಲೆಯ ವಿಷಯವೇ ಇರಬೇಕೆಂದು ಅವನು ಸಮಾಧಾನ ಮಾಡಿಕೊಂಡ.

ಜೂನ್ ಮೊದಲ ವಾರ ಸರ್ವಮಂಗಳಾ ಬಂದಳು. ಕಂಕುಳಲ್ಲಿ ರವಿಕೆ ಕಣದ ಗಂಟು. ಅಣ್ಣನನ್ನೂ ಯಂತ್ರದ ಕೋಣೆಗೆ ಕರೆದಳು, ಅವ್ವನ ದನಿ ಇಬ್ಬರೂ ಕೇಳೋಣ ಎಂದು. ಕೆಲಸವಿದೆ ಎಂದ. ಅವಳು ಕೈ ಹಿಡಿದು ಎಳೆದುಕೊಂಡೇ ಹೋದಳು.

ಪರದೆಯ ಮೇಲೆ ಹಸೆ ಮೂಡಿತು. ಸಿನಿಮಾ ಹಾಡು ಕರಗಿತು. ಸ್ವಲ್ಪ ಕರಕರ ಸದ್ದಾಗಿ, ಅದರೊಳಗಿಂದ ಅವ್ವನ ದನಿ ಬಂತು. ಒಡಕು ದನಿ, ಶ್ರುತಿಯೇನೂ ಇಲ್ಲ, ಎರಡನೇ ಸಾಲು ಮರೆತು ಮತ್ತೆ ಮೊದಲನೆಯದನ್ನೇ ಹಾಡಿದಳು. ಸರ್ವಮಂಗಳಾ ಸೆರಗು ಬಾಯಿಗೆ ಒತ್ತಿ ಅತ್ತಳು. ಕೊಟ್ರೇಶಪ್ಪನಿಗೂ ಅಳು ಬಂತು. ಇಷ್ಟಕ್ಕೇ ನಿಲ್ಲಿಸಿರೆಂದು ಡಾಕ್ಟರಿಗೆ ಹೇಳಬೇಕೆಂದುಕೊಂಡ.

ಅಷ್ಟರಲ್ಲಿ ಚಿತ್ರ ಹತ್ತಿರವಾಯಿತು. ಇಪ್ಪತ್ತರ ಮುಖ ಗಾಜನ್ನು ನೋಡಿತು. "ಅಣ್ಣಾ, ನಿಲ್ಸು. ನಂಗೆ ಈ ಮದುವೆ ಬ್ಯಾಡ. ಅಪ್ಪಗೆ ನೀನಾರೂ ಹೇಳಣ್ಣ."

ಅದರ ಹಿಂದೆಯೇ ಗಟ್ಟಿಮೇಳ ಎದ್ದಿತು. ಅದನ್ನೂ ಮೀರಿ, ಕೋಣೆಯಲ್ಲಿ ಯಾರೋ ಪಕ್ಕದಲ್ಲೇ ನಿಂತು ಆಡಿದಷ್ಟು ಸ್ಪಷ್ಟವಾಗಿ, ಒಂದು ಗಂಡು ದನಿ: "ಕೇಳಿಸ್ತು, ಸುಮ್ನಿರು. ಫೋಕಸ್ ಕೂತೈತಿ ಈಗ. ನಗು ಸ್ವಲ್ಪ."

ಗಟ್ಟಿಮೇಳ ಇನ್ನೂ ಜೋರಾಯಿತು. ಪರದೆಯ ಮೇಲಿನ ಹುಡುಗಿ ನಕ್ಕಳು.

ಡಾ. ಶಾಲ್ಮಲಿ ಗುಂಡಿ ಒತ್ತಿ ನಿಲ್ಲಿಸಿದರು. ಸರ್ವಮಂಗಳಾ ಕಣ್ಣು ಒರೆಸಿಕೊಂಡು, ಇನ್ನೊಂದು ಸಲ ಹಾಕವ್ವ ಎಂದಳು. ಡಾಕ್ಟರು ಹಾಕಿದರು. ಮೂರನೇ ಸಲವೂ ಹಾಕಿಸಿದಳು. ಆ ಮೂರೂ ಸಲ ಕೊಟ್ರೇಶಪ್ಪ ತನ್ನ ಚಪ್ಪಲಿಯನ್ನು ನೋಡಿದ.

ಕೊನೆಗೆ ಡಾ. ಶಾಲ್ಮಲಿ ಮೆಲ್ಲಗೆ ಮರುಲೇಪನದ ಅರ್ಜಿ ಮುಂದಿಟ್ಟರು. ಈವರೆಗೆ ಬಂದ ನಾನೂರು ಮನೆಯವರೂ ಸಹಿ ಹಾಕಿದ್ದಾರೆ, ಬೇಕಾದರೆ ಅವ್ವನ ಸೋಬಾನೆಯಷ್ಟೇ ಉಳಿಸಿ ಮಿಕ್ಕದ್ದಕ್ಕೆ ಹಾಡು ಹಾಕಿಕೊಡಬಹುದು ಎಂದರು.

"ಬ್ಯಾಡವ್ವ. ಹಿಂಗೇ ಇರ್ಲಿ" ಎಂದಳು ಸರ್ವಮಂಗಳಾ. "ನಮ್ಮಣ್ಣನ ದನಿ ಭಾಳ ಚಲೋ ಬಂದೈತಿ."

ನಿಧಿಯ ದಾಖಲೆಯಲ್ಲಿ ಹಾಡಿಲ್ಲದೆ ಉಳಿದ ಮದುವೆ ಅದೊಂದೇ. ಚಿತ್ರೀಕರಿಸಿದವರ ಒಪ್ಪಿಗೆ ಎಂಬಲ್ಲಿ ಕೊಟ್ರೇಶಪ್ಪನೇ ರುಜು ಹಾಕಬೇಕಾಯಿತು. ಇತಿಹಾಸಕ್ಕೆ ಇದಕ್ಕಿಂತ ಶುದ್ಧವಾದ ಆಕರವಿಲ್ಲವೆಂದು ಡಾ. ಶಾಲ್ಮಲಿ ಆಮೇಲೆ ಒಂದು ಪ್ರಬಂಧ ಬರೆದು ಬಹುಮಾನ ಪಡೆದರು.

ಪಂಚಮಿ ಹತ್ತಿರ ಬಂದಂತೆ ಕೊಟ್ರೇಶಪ್ಪ ದಿನ ಎಣಿಸತೊಡಗಿದ. ಈ ವರ್ಷ ಅವಳು ಬರುವುದಿಲ್ಲ ಎಂದುಕೊಂಡ. ಬಾರದಿದ್ದರೆ ಮನೆಯವರಿಗೆ ಏನು ಕಾರಣ ಹೇಳುವುದೆಂದು ಎರಡು ಮೂರು ಸುಳ್ಳನ್ನೂ ಜೋಡಿಸಿಟ್ಟುಕೊಂಡ. ಆದರೆ ಹಬ್ಬದ ದಿನ ಹನ್ನೊಂದು ಗಂಟೆಗೆ ಉಂಡೆಯ ಡಬ್ಬಿ ಹಿಡಿದು ಸರ್ವಮಂಗಳಾ ಬಾಗಿಲಲ್ಲಿ ನಿಂತಿದ್ದಳು. ಎಳ್ಳುಂಡೆ, ಶೇಂಗಾ ಉಂಡೆ, ಅಣ್ಣನಿಗೆ ಇಷ್ಟವೆಂದು ರವೆ ಉಂಡೆ. ಎಲ್ಲ ಎಂದಿನಂತೆಯೇ ಇತ್ತು. ಕೊಟ್ರೇಶಪ್ಪನ ಜೀವ ಜಾಗಕ್ಕೆ ಬಂತು.

ಊಟವಾದ ಮೇಲೆ ಎಲ್ಲರೂ ಸುತ್ತ ಕೂತರು. ಮೊಮ್ಮಗಳೊಬ್ಬಳು, ಅಜ್ಜಿ ಮದುವೆ ಕಥೆ ಹೇಳು ಎಂದಳು. ಸರ್ವಮಂಗಳಾ ಹೇಳಿದಳು. ಟ್ರೇನಿಂಗಿನ ಸೀಟು, ಹಸೆ, ಅವ್ವನ ಸೋಬಾನೆ, ಕ್ಯಾಮೆರಾ ಹಿಡಿದು ಬಗ್ಗಿದ ಅಣ್ಣ. ಪ್ರತಿ ವರ್ಷದ ಅದೇ ಮಾತು, ಅದೇ ದನಿ, ಸಿಟ್ಟಿನ ಒಂದೆಳೆಯೂ ಇಲ್ಲ. ಕೊನೆಗೆ ಒಂದು ರವೆ ಉಂಡೆ ತೆಗೆದು ಅಣ್ಣನ ಕೈಗಿಟ್ಟು, ಮಕ್ಕಳ ಕಡೆ ತಿರುಗಿದಳು.

"ಅಣ್ಣಗೆ ಕೇಳಿಸಿತ್ತು" ಎಂದಳು.

ಉಂಡೆ ಕೊಟ್ರೇಶಪ್ಪನ ಕೈಯಲ್ಲೇ ಉಳಿಯಿತು. ಎಲ್ಲರೂ ಅವನ ಕಡೆ ನೋಡುತ್ತಿದ್ದರು, ಮನೆಯಲ್ಲಿ ಆಗ ಯಾವ ಹಾಡೂ ಇರಲಿಲ್ಲ.